ಎಳೆಯ ಜೋಳದ ಮೇವಿನಿಂದ ಜಾನುವಾರುಗಳಿಗೆ ವಿಷಬಾಧೆ: ರೈತರು ವಹಿಸಬೇಕಾದ ಎಚ್ಚರಿಕೆ

ಉತ್ತರ ಕರ್ನಾಟಕದ ಒಣಬೇಸಾಯದ ಜಿಲ್ಲೆಗಳಲ್ಲಿ ದನಕರುಗಳಿಗೆ ಜೋಳದ ಕಣಿಕೆಯೇ ವರ್ಷದ ಬಹುಭಾಗ ಆಧಾರ. ಅದೇ ಜೋಳದ ಎಳೆಯ ಪೈರು ಕಟ್ಟುಮಸ್ತಾದ ಎತ್ತನ್ನು ಒಂದು ಗಂಟೆಯೊಳಗೆ ಕೊಲ್ಲಬಲ್ಲದು. ಹಿರಿಯ ರೈತರಿಗೆ ಇದು ಹೊಸ ಸಂಗತಿಯಲ್ಲ. ಆದರೆ ಮಳೆ ಕೈಕೊಟ್ಟು ಬಣವೆ ಕರಗಿದ ದಿನಗಳಲ್ಲಿ, ಕಣ್ಣೆದುರಿನ ಹಸಿರನ್ನು ಹಸಿದ ದನಕ್ಕೆ ಹಾಕದಿರುವುದು ಸುಲಭವಲ್ಲ. ಅನಾಹುತ ಸಂಭವಿಸುವುದೂ ಅಂತಹ ದಿನಗಳಲ್ಲೇ.

ಜೋಳದ ಹಸಿರು ಭಾಗಗಳಲ್ಲಿ ಧುರಿನ್ ಎಂಬ ಸಂಯುಕ್ತವಿರುತ್ತದೆ. ಗಿಡವು ಹಾಗೆಯೇ ಇರುವಷ್ಟು ಕಾಲ ಅದರಿಂದ ತೊಂದರೆಯಿಲ್ಲ. ದನವು ಎಲೆಯನ್ನು ಅಗಿದೊಡನೆ ಗಿಡದ ಕಿಣ್ವಗಳು ಅದರೊಡನೆ ಬೆರೆತು ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಈ ಕ್ರಿಯೆಯನ್ನು ಮತ್ತಷ್ಟು ಚುರುಕುಗೊಳಿಸುತ್ತವೆ. ಸಯನೈಡ್ ಸೇರಿದಾಗ ರಕ್ತದಲ್ಲಿ ಆಮ್ಲಜನಕವಿದ್ದರೂ ಜೀವಕೋಶಗಳು ಅದನ್ನು ಬಳಸಲಾರವು. ಆದುದರಿಂದಲೇ ಆರಂಭದಲ್ಲಿ ಒಸಡು ಮತ್ತು ಕಣ್ಣಿನ ಒಳಪೊರೆ ಕಡುಕೆಂಪಾಗಿ ಕಾಣುತ್ತವೆ.

ವಿಷದ ಪ್ರಮಾಣ ಎಲ್ಲ ಹಂತಗಳಲ್ಲೂ ಒಂದೇ ಆಗಿರುವುದಿಲ್ಲ. ಮೊಣಕಾಲೆತ್ತರದೊಳಗಿನ ಪೈರು, ಬರದಿಂದ ಬೆಳವಣಿಗೆ ಕುಂಠಿತವಾದ ಪೈರು, ಕಟಾವಿನ ನಂತರ ಚಿಗುರುವ ಕೂಳೆ ಇವು ಅತ್ಯಂತ ಅಪಾಯಕಾರಿ. ಒಣಗಿ ನಿಂತ ಬೆಳೆಗೆ ಒಂದು ಮಳೆ ಬಿದ್ದು ಹೊಸ ಚಿಗುರು ಒಡೆದಾಗ ಅಪಾಯ ಇನ್ನೂ ಹೆಚ್ಚು. ಯೂರಿಯಾ ಅತಿಯಾಗಿ ಹಾಕಿದ ಬೆಳೆಯಲ್ಲಿಯೂ ವಿಷದ ಪ್ರಮಾಣ ಏರುತ್ತದೆ. ಒತ್ತಾದ ಸಾಲಿನಿಂದ ಕಿತ್ತ ಎಳೆಯ ಸಸಿಗಳನ್ನು ಬದುವಿನಲ್ಲಿ ಕಟ್ಟಿದ ಎತ್ತಿನ ಮುಂದೆ ಹಾಕುವ ರೂಢಿಯನ್ನು ಕೈಬಿಡಬೇಕು.

ವಿಷ ತಗುಲಿದ ಪ್ರಾಣಿಯಲ್ಲಿ ಸಾಮಾನ್ಯವಾಗಿ ಮೇದ ಕೆಲವೇ ನಿಮಿಷಗಳಲ್ಲಿ ಏದುಸಿರು, ಜೊಲ್ಲು, ತತ್ತರಿಕೆ, ಮೈನಡುಕ ಕಾಣಿಸಿಕೊಳ್ಳುತ್ತವೆ. ಬಳಿಕ ಅದು ನೆಲಕ್ಕುರುಳಿ ಕಾಲು ಬಡಿಯುತ್ತದೆ. ಆಗ ಮಾಡಬೇಕಾದ ಮೊದಲ ಕೆಲಸ, ಉಳಿದ ದನಗಳನ್ನು ಆ ಮೇವಿನಿಂದ ದೂರ ಸರಿಸುವುದು. ಎರಡನೆಯದು, ತಡಮಾಡದೆ ಹತ್ತಿರದ ಪಶು ಚಿಕಿತ್ಸಾಲಯಕ್ಕೆ ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆಮಾಡಿ, ಪ್ರಾಣಿ ಜೋಳ ಮೇದಿದೆಯೆಂದು ಸ್ಪಷ್ಟವಾಗಿ ತಿಳಿಸುವುದು. ಪಶುವೈದ್ಯರು ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಔಷಧಿಗಳನ್ನು ರಕ್ತನಾಳದ ಮೂಲಕ ನೀಡುತ್ತಾರೆ. ಸಕಾಲದಲ್ಲಿ ಈ ಚಿಕಿತ್ಸೆ ದೊರೆತರೆ ನೆಲಕ್ಕೆ ಬಿದ್ದ ಪ್ರಾಣಿಯೂ ಎದ್ದು ನಿಲ್ಲುವುದುಂಟು. ವೈದ್ಯರು ಬರುವವರೆಗೆ ಏನಾದರೂ ಕುಡಿಸೋಣವೆಂದು ಗೊಟ್ಟ ಹಾಕುವುದು ತಪ್ಪು. ಏದುಸಿರು ಬಿಡುತ್ತಿರುವ ಪ್ರಾಣಿಗೆ ಮಜ್ಜಿಗೆ, ಬೆಲ್ಲದ ನೀರು, ಎಣ್ಣೆ ಏನನ್ನೇ ಕುಡಿಸಿದರೂ ಅದು ಶ್ವಾಸಕೋಶಕ್ಕಿಳಿಯುತ್ತದೆ. ಪ್ರಾಣಿಯನ್ನು ಓಡಿಸುವುದಾಗಲಿ ಹೊಡೆದು ಎಬ್ಬಿಸುವುದಾಗಲಿ ಕೂಡದು.

ಪ್ರಾಣಿ ಸತ್ತಲ್ಲಿ, ಜೋಳವೇ ಕಾರಣವೆಂದು ತಾವಾಗಿಯೇ ತೀರ್ಮಾನಿಸಿ ಕಳೇಬರವನ್ನು ಕೊಯ್ಯಬಾರದು. ಹಠಾತ್ ಸಾವಿಗೆ ನೆರಡಿ ರೋಗವೂ, ಅಂದರೆ ಅಂಥ್ರಾಕ್ಸ್, ಕಾರಣವಾಗಿರಬಹುದು. ಅದು ಮನುಷ್ಯರಿಗೂ ಅಂಟುವ ರೋಗ. ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಕಳೇಬರದ ಹತ್ತಿರ ಯಾರನ್ನೂ ಬಿಡದೆ ಪಶುವೈದ್ಯರಿಗೆ ತಿಳಿಸಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ಜೋಳದ ಮೇವನ್ನೇ ತೊರೆಯಬೇಕೆಂದಲ್ಲ. ಹೂ ಬಿಟ್ಟ ನಂತರ, ಅಂದರೆ ಸುಮಾರು 50 ರಿಂದ 60 ದಿನಗಳ ಬಳಿಕ ಕತ್ತರಿಸಿದ ಮೇವಿನಲ್ಲಿ ಅಪಾಯ ಬಹಳ ಕಡಿಮೆ. ಬಿಸಿಲಿನಲ್ಲಿ ಪೂರ್ಣ ಒಣಗಿಸಿದಾಗ ವಿಷದ ಬಹುಭಾಗ ಆರಿಹೋಗುತ್ತದೆ. ಆದರೆ ಅರೆಬರೆ ಬಾಡಿದ ಮೇವು ಸುರಕ್ಷಿತವೆಂದು ನಂಬಬಾರದು. ರಸಮೇವು ಮಾಡಿದಲ್ಲಿಯೂ ವಿಷ ತಗ್ಗುತ್ತದೆ. ಗುಂಡಿ ತೆರೆದ ಮೇಲೆ ಮೇವನ್ನು ಸ್ವಲ್ಪ ಹೊತ್ತು ಗಾಳಿಗೆ ಹರಡಿ ನಂತರ ತಿನ್ನಿಸಬೇಕು. ಹಸಿಮೇವಿಗೆ ಬಿಡುವ ಮುನ್ನ ದನಗಳಿಗೆ ಒಣಮೇವು ಕೊಡುವುದು ಒಳ್ಳೆಯದು, ಏಕೆಂದರೆ ಹಸಿದ ದನ ಗಬಗಬನೆ ಮೇಯುತ್ತದೆ. ಹಸಿಮೇವಿನ ಅಗತ್ಯ ತೀರಾ ಇದ್ದವರು ಒಂದೆರಡು ಗುಂಟೆಯಲ್ಲಿ ಸಜ್ಜೆ ಬಿತ್ತಿಕೊಳ್ಳಬಹುದು, ಅದರಲ್ಲಿ ಈ ವಿಷದ ಭಯವಿಲ್ಲ. ಸುಗ್ಗಿ ಮುಗಿದ ಹೊಲಕ್ಕೆ ದನ ಬಿಡುವ ಮುನ್ನ ಒಮ್ಮೆ ಸುತ್ತಾಡಿ, ಕೂಳೆ ಚಿಗುರಿದೆಯೇ ಎಂದು ನೋಡಿಕೊಳ್ಳಬೇಕು.