ಹದವರಿತ ಸ್ಪರ್ಧೆ

ನಮ್ಮ ಬೆಟಗೇರಿಯ ಸುತ್ತಲಿನ ಎರೆಭೂಮಿಯ ರೈತನಿಗೆ 'ಹದ' ಎಂಬ ಮಾತಿನ ಅರ್ಥವನ್ನು ಯಾರೂ ಕಲಿಸಬೇಕಾಗಿಲ್ಲ. ಮಳೆ ನಿಂತ ಮರುಗಳಿಗೆಯೇ ಕೂರಿಗೆ ಹೂಡಿದರೆ ಮಣ್ಣು ಎತ್ತಿನ ಕಾಲಿಗೂ ಕೂರಿಗೆಯ ತಾಳಿಗೂ ಮೆತ್ತಿಕೊಂಡು ಹೆಜ್ಜೆ ಮುಂದೆ ಸಾಗದು. ತಡಮಾಡಿದರೆ ತೇವವಾರಿ ನೆಲ ಬಿರಿಯುವುದು. ಇವೆರಡರ ನಡುವಿನ ಸಮಯವನ್ನು ಅರಿತು ಬಿತ್ತುವವನೇ ಬೆಳೆ ಕಾಣುವನು. ಮಳೆ ನೋಡಿ ಮನೆಯಲ್ಲಿ ಕುಳಿತ ರೈತನನ್ನು ಯಾರೂ ಹೇಡಿಯೆಂದು ಕರೆಯುವುದಿಲ್ಲ. ಆಟದ ಕಣದಲ್ಲಿ ಮಾತ್ರ ಈ ವಿವೇಕವನ್ನು ನಾವು ಮರೆಯುತ್ತೇವೆ.

ಈ ವಿಚಾರ ಮನಸ್ಸಿಗೆ ಬಂದದ್ದು ಕಳೆದ ಶ್ರಾವಣದಲ್ಲಿ. ನಮ್ಮ ಓಣಿಯ ನೇಕಾರ ಕುಟುಂಬದ ತರುಣನೊಬ್ಬನು ದೂರದ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಆತನು ಅಲ್ಲಿ ನಡೆದ ಟ್ರಯಥ್ಲಾನ್ ಸ್ಪರ್ಧೆಯಲ್ಲಿ ಭಾಗವಹಿಸಿದ್ದನು. ಆರು ತಿಂಗಳು ನಸುಕಿನಲ್ಲೆದ್ದು ಸಾಧನೆ ಮಾಡಿದ್ದನು. ಸ್ಪರ್ಧೆಯ ದಿನ ಬೆಳಗಿನಿಂದಲೇ ಗಾಳಿ ಸಹಿತ ಮಳೆ ಹಿಡಿಯಿತು. ಈಜು ಮುಗಿಸಿ ಸೈಕಲ್ ಏರಿದವನಿಗೆ ಅರ್ಧ ದಾರಿಯಲ್ಲಿ ಕೈಬೆರಳು ಮರಗಟ್ಟಿ, ಬ್ರೇಕು ಹಿಡಿಯಲು ಬಾರದಾಯಿತು. ಇಳಿದುಬಿಟ್ಟನು. ಅವನ ಜೊತೆಗಾರರಲ್ಲಿ ಹಲವರು ಗುರಿ ಮುಟ್ಟಿದರು.

ಊರಿಗೆ ಬಂದ ಮಗನಿಗೆ ತಂದೆ ಹೇಳಿದ ಮಾತು ಒಂದೇ: "ಮಗ್ಗದ ಮ್ಯಾಲಿನ ಸೀರಿ ಅರ್ಧಕ್ಕ ಕೊಯ್ದಂಗಾತಲ್ಲೋ." ಆ ಮಾತು ಹುಡುಗನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಒಂದು ಸಂಜೆ ನನ್ನ ಬಳಿ ಬಂದು ಕುಳಿತು ಕೇಳಿದನು: "ಅಜ್ಜಾರ, ಕಾಲಾಗ ಶಕ್ತಿ ಇತ್ರಿ. ನಾನ ಬ್ಯಾಡ ಅಂತ ಬಿಟ್ಟೆ. ಅದು ಹೇಡಿತನ ಆತೇನ್ರಿ?"

ನಾನು ಮಠದಲ್ಲಿ ಓದಿ ಬೆಳೆದವನು. ಈ ಆಟದ ಪರಿಚಯ ನನಗಿರಲಿಲ್ಲ. ತಿಳಿಯದ ವಿಷಯದಲ್ಲಿ ತೀರ್ಪು ಕೊಡುವುದು ಸಲ್ಲದೆಂದು ಅವನಿಂದಲೇ ಕೇಳಿ, ಓದಿ, ವಿಚಾರಿಸಿದೆನು. ತಿಳಿದುದನ್ನು ಓದುಗ ಬಂಧುಗಳ ಮುಂದಿಡುವೆನು.

ಟ್ರಯಥ್ಲಾನ್ ಎಂದರೆ ಈಜು, ಸೈಕಲ್ ಸವಾರಿ, ಓಟ ಈ ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಒಂದೇ ಓಘದಲ್ಲಿ ಮುಗಿಸುವ ಸ್ಪರ್ಧೆ. ಅಮೆರಿಕದ ಸ್ಯಾನ್ ಡಿಯೇಗೊ ನಗರದ ಮಿಷನ್ ಬೇ ಎಂಬಲ್ಲಿ 1974ರ ಸೆಪ್ಟೆಂಬರ್ 25ರಂದು ಈ ಹೆಸರಿನ ಸ್ಪರ್ಧೆ ಮೊದಲು ನಡೆಯಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಸ್ಥಾನ ದೊರೆಯಿತು. ಅಲ್ಲಿಯ ಅಳತೆ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. 'ಐರನ್‌ಮ್ಯಾನ್' ಎಂಬ ದೀರ್ಘ ಪ್ರಕಾರದಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಅನಂತರ 42.2 ಕಿ.ಮೀ. ಓಟ.

ಇದು ನಮ್ಮವರಿಗೆ ಎಟುಕದ್ದೇನಲ್ಲ. ನಮ್ಮ ಗದಗ ನಿಲ್ದಾಣವನ್ನೊಳಗೊಂಡ ನೈರುತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರು ಅವರು 2022ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಈ ದೀರ್ಘ ಸ್ಪರ್ಧೆಯನ್ನು 13 ಗಂಟೆ 26 ನಿಮಿಷಗಳಲ್ಲಿ ಪೂರೈಸಿದರು. ಕಚೇರಿಯ ಕೆಲಸ ನಿರ್ವಹಿಸುತ್ತಲೇ ಮಾಡಿದ ಸಾಧನೆಯಿದು. ಸೈಕಲ್ ಅಂತೂ ನಮ್ಮ ಸೀಮೆಗೆ ಹೊಸದಲ್ಲ. ವಿಜಯಪುರ, ಬಾಗಲಕೋಟೆ, ಗದಗ ಭಾಗಗಳು ನಾಡಿಗೆ ಅನೇಕ ಸೈಕಲ್ ಪಟುಗಳನ್ನು ಕೊಟ್ಟಿವೆ. ಈಜಂತೂ ಹಿಂದೆ ಪ್ರತಿ ಊರ ಬಾವಿಯಲ್ಲಿಯೂ ನಡೆಯುತ್ತಿದ್ದ ಪಾಠ. ನಡುವಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ನಾವು ಈಜು ಕಲಿತೆವು. ಗುಡುಗಿನ ಸದ್ದು ಕೇಳಿದೊಡನೆ ಬಾವಿಯಿಂದ ಮೇಲೇರಬೇಕೆಂಬುದು ನಮ್ಮ ಶಾಸ್ತ್ರಿಗಳ ಕಟ್ಟಪ್ಪಣೆಯಾಗಿತ್ತು. ಸಿಡಿಲಿನ ಭಯವಿರುವಾಗ ಈಜುಗಾರರನ್ನು ನೀರಿಗಿಳಿಸಬಾರದೆಂಬುದು ಇಂದಿನ ಸಂಘಟಕರೂ ಪಾಲಿಸುವ ನಿಯಮವೆಂದು ತಿಳಿದು ನನಗೆ ಸಂತೋಷವಾಯಿತು.

ಉಳಿದ ಆಟಗಳಿಗೂ ಇದಕ್ಕೂ ಒಂದು ಭೇದವಿದೆ. ಕಬಡ್ಡಿಗೆ ಒಳಾಂಗಣ ಉಂಟು. ಕ್ರಿಕೆಟ್ಟಿನಲ್ಲಿ ಮಳೆ ಬಂದರೆ ಅಂಕಣಕ್ಕೆ ಹೊದಿಕೆ ಹಾಸುವರು. ಟ್ರಯಥ್ಲಾನ್ ನಡೆಯುವುದು ಬಯಲಿನ ನೀರಿನಲ್ಲಿ, ಊರಿನ ಬೀದಿಯಲ್ಲಿ. ಮಳೆ, ಗಾಳಿ, ಬಿಸಿಲು ಮೂರೂ ಇಲ್ಲಿ ಕರೆಯದೆ ಬರುವ ಸ್ಪರ್ಧಿಗಳು. 2021ರ ಜುಲೈ 27ರಂದು ಟೋಕಿಯೊದಲ್ಲಿ ಬಿಸಿಲಿಗಂಜಿ ಮಹಿಳೆಯರ ಸ್ಪರ್ಧೆಯನ್ನು ಬೆಳಗಿನ 6.30ಕ್ಕೆ ಗೊತ್ತುಮಾಡಿದ್ದರು. ಆ ದಿನ ಬಂದದ್ದು ಬಿಸಿಲಲ್ಲ, ಬಿರುಮಳೆ. ಆರಂಭವನ್ನು 15 ನಿಮಿಷ ಮುಂದೂಡಿದರು. ಒದ್ದೆಯಾದ ಬೀದಿಗಳಲ್ಲಿ ಎಚ್ಚರ ತಪ್ಪದೆ ಸಾಗಿದ ಫ್ಲೋರಾ ಡಫಿ ಎಂಬಾಕೆ ತನ್ನ ಪುಟ್ಟ ದ್ವೀಪ ಬರ್ಮುಡಾಕ್ಕೆ ಮೊದಲ ಒಲಿಂಪಿಕ್ ಸ್ವರ್ಣವನ್ನು ತಂದಿತ್ತಳು.

2024ರ ಪ್ಯಾರಿಸ್ಸಿನಲ್ಲಿ ಮಳೆಯ ಪರಿಣಾಮ ಇನ್ನೂ ವಿಚಿತ್ರವಾಗಿತ್ತು. ಮಳೆನೀರಿನೊಡನೆ ಕೊಳಚೆಯೂ ಸೇನ್ ನದಿಯನ್ನು ಸೇರಿ ನೀರು ಈಜಲು ಅಯೋಗ್ಯವಾಯಿತು. ಆ ನದಿಯ ಶುದ್ಧೀಕರಣಕ್ಕೆ ಸುಮಾರು 140 ಕೋಟಿ ಯೂರೋ ವೆಚ್ಚ ಮಾಡಿದ್ದರೂ ಕೆಲವು ದಿನಗಳ ಮಳೆ ಲೆಕ್ಕವನ್ನು ತಪ್ಪಿಸಿತು. ಜುಲೈ 30ಕ್ಕೆ ನಡೆಯಬೇಕಿದ್ದ ಪುರುಷರ ಸ್ಪರ್ಧೆಯನ್ನು ಮರುದಿನಕ್ಕೆ ಮುಂದೂಡಬೇಕಾಯಿತು. ಮರುದಿನ ಮಹಿಳೆಯರು ಸೈಕಲ್ ಏರಿದಾಗ ಬೀದಿಗಳು ಇನ್ನೂ ಒದ್ದೆಯಾಗಿದ್ದವು. ಜಗತ್ತಿನ ಆಯ್ದ ಸವಾರರಲ್ಲಿಯೇ ಹಲವರು ಜಾರಿ ಬಿದ್ದರು.

ಹೀಗೆ ಜಾರುವುದಕ್ಕೆ ಕಾರಣಗಳುಂಟು. ಒಣದಿನಗಳಲ್ಲಿ ರಸ್ತೆಯ ಮೇಲೆ ಕುಳಿತ ಎಣ್ಣೆ, ಧೂಳು ಮೊದಲ ಮಳೆಗೆ ಲೇಪದಂತಾಗುವವು. ಬಿಳಿ ಬಣ್ಣದ ಪಟ್ಟಿ, ಚರಂಡಿಯ ಕಬ್ಬಿಣದ ಮುಚ್ಚಳ ಇವು ನೀರು ಬಿದ್ದೊಡನೆ ನುಣುಪಾಗುವವು. ಬ್ರೇಕು ಹಿಡಿದರೂ ಸೈಕಲ್ ನಿಲ್ಲಲು ಹೆಚ್ಚು ದೂರ ಬೇಕು. ಈಜಿ ಒದ್ದೆಯಾದ ಮೈಗೆ ಗಾಳಿ ತಗುಲಿದರೆ ದೇಹವು ಒಳಗಿನ ಅಂಗಗಳನ್ನು ಬೆಚ್ಚಗಿಡಲು ಕೈಕಾಲುಗಳ ರಕ್ತಸಂಚಾರವನ್ನು ಕಡಿಮೆ ಮಾಡುತ್ತದೆ. ಬೆರಳು ಮರಗಟ್ಟುವುದು ಹೀಗೆ. ನಮ್ಮ ಹುಡುಗನಿಗೆ ಆದದ್ದೂ ಇದೇ. ಅದು ಮನಸ್ಸಿನ ಅಳುಕಲ್ಲ, ದೇಹ ಕೊಟ್ಟ ಸೂಚನೆ.

ಬಿಸಿಲಿನ ಪೆಟ್ಟು ಮಳೆಗಿಂತ ಕ್ರೂರ. ಬೆವರು ಆರಿದರಷ್ಟೇ ಮೈ ತಂಪಾಗುವುದು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಸುರಿಯುತ್ತದೆ, ಆರುವುದಿಲ್ಲ. 2016ರ ಸೆಪ್ಟೆಂಬರ್ 18ರಂದು ಮೆಕ್ಸಿಕೊದ ಕೋಜುಮೆಲ್‌ನಲ್ಲಿ ಅಂಥ ಸೆಕೆಯಿತ್ತು. ಇಂಗ್ಲೆಂಡಿನ ಜಾನಿ ಬ್ರೌನ್‌ಲೀ ಎಲ್ಲರಿಗಿಂತ ಮುಂದಿದ್ದನು. ಗುರಿ ಕೆಲವೇ ನೂರು ಮೀಟರುಗಳಿದ್ದಾಗ ಅವನ ಕಾಲುಗಳು ಕುಸಿಯತೊಡಗಿದವು. ಹಿಂದಿನಿಂದ ಬಂದ ಅಣ್ಣ ಅಲಿಸ್ಟೇರ್, ಎರಡು ಒಲಿಂಪಿಕ್ ಸ್ವರ್ಣಗಳನ್ನು ಗೆದ್ದವನು, ತನ್ನ ಗೆಲುವಿನ ಆಸೆಯನ್ನು ತೊರೆದು ತಮ್ಮನ ತೋಳನ್ನು ಹೆಗಲಿಗೇರಿಸಿಕೊಂಡನು. ಗುರಿಯವರೆಗೆ ಸಾಗಿಸಿ, ತನಗಿಂತ ಮೊದಲು ತಮ್ಮನನ್ನೇ ಗೆರೆಯಾಚೆ ನೂಕಿದನು. ಆ ನಡುವೆ ದಕ್ಷಿಣ ಆಫ್ರಿಕದ ಹೆನ್ರಿ ಸ್ಕೂಮನ್ ಗೆದ್ದನು. ತಮ್ಮ ಎರಡನೆಯವನಾದನು, ಅಣ್ಣ ಮೂರನೆಯವನಾದನು.

ಅಣ್ಣತಮ್ಮಂದಿರ ಈ ಪ್ರೀತಿಯನ್ನು ಲೋಕವೆಲ್ಲ ಕೊಂಡಾಡಿತು. ಆದರೆ ಅಣ್ಣನೇ ಅನಂತರ ಆಡಿದ ಮಾತು ಹೆಚ್ಚು ಜನರ ಮನಸ್ಸಿನಲ್ಲಿ ಉಳಿಯಲಿಲ್ಲ. ತಮ್ಮನು ತನ್ನ ಓಟದ ವೇಗವನ್ನು ಅಳೆದು ಓಡಿದ್ದರೆ ಅವನೇ ಗೆಲ್ಲುತ್ತಿದ್ದನೆಂದು ಆತ ನೇರವಾಗಿಯೇ ಬೈದಿದ್ದನು. ಆ ದಿನ ಗೆದ್ದಿದ್ದರೆ ಜಾನಿ ಆ ವರ್ಷದ ವಿಶ್ವವಿಜೇತನಾಗುತ್ತಿದ್ದನು. ಆ ಬಿರುದು ಕೇವಲ ನಾಲ್ಕು ಅಂಕಗಳಿಂದ ಸ್ಪೇನಿನ ಮಾರಿಯೊ ಮೋಲಾನ ಪಾಲಾಯಿತು. ಶಕ್ತಿ ಸಾಲದೆ ಸೋತ ಸೋಲಲ್ಲವದು. ಶಕ್ತಿಯಿತ್ತು, ಹದ ತಪ್ಪಿತ್ತು. ಮುಂದೆ ನಿಯಮವೂ ಬದಲಾಯಿತು. ಒಬ್ಬ ಸ್ಪರ್ಧಿ ಇನ್ನೊಬ್ಬನನ್ನು ಹಿಡಿದು ಮುಂದೆ ಸಾಗಿಸಿದರೆ ಇಂದು ಇಬ್ಬರೂ ಅನರ್ಹರು. ಹೆಗಲು ಕೊಡಲು ಅಣ್ಣನಿಲ್ಲದ ದಾರಿಯಲ್ಲಿ ತನ್ನ ಅಳತೆಯನ್ನು ತಾನೇ ಅರಿಯಬೇಕು.

ಈ ಮಾತು ಸ್ಪರ್ಧಿಗಳಿಗಷ್ಟೇ ಸಂಬಂಧಿಸಿದುದಲ್ಲ. ಏಪ್ರಿಲ್-ಮೇ ಬಿಸಿಲಿನಲ್ಲಿ ನಮ್ಮ ಮಕ್ಕಳು ಬಯಲಿನಲ್ಲಿ ಆಡುತ್ತಾರೆ, ಹಿರಿಯರು ಹೊಲದಲ್ಲಿ ದುಡಿಯುತ್ತಾರೆ. ಬಿಸಿಲಿನಲ್ಲಿ ದುಡಿದವರ ಮಾತು ತೊದಲಿದರೆ, ನಡಿಗೆ ತಡವರಿಸಿದರೆ, ಬುದ್ಧಿ ಭ್ರಮಿಸಿದಂತೆ ತೋರಿದರೆ ಅದು ಸಾಮಾನ್ಯ ದಣಿವಲ್ಲ. ಕೂಡಲೇ ನೆರಳಿಗೆ ತಂದು, ಮೈಮೇಲೆಲ್ಲ ತಣ್ಣೀರು ಸುರಿದು, ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಒಯ್ಯುವ ಏರ್ಪಾಡು ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಇದನ್ನು ಮನೆಯ ತಾಯಂದಿರು ತಿಳಿದಿರಬೇಕು.

ನಮ್ಮ ಶರಣರು ಕಾಯವನ್ನು ಹಳಿಯಲಿಲ್ಲ. ಕಾಯಕಕ್ಕೂ ದಾಸೋಹಕ್ಕೂ ಲಿಂಗಪೂಜೆಗೂ ಕಾಯವೇ ಆಧಾರ. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದ ದೇಹವನ್ನು ಸೋಮಾರಿತನದಿಂದ ಕೆಡಿಸುವುದು ಎಷ್ಟು ತಪ್ಪೋ, ಹಟದಿಂದ ಮುರಿದುಕೊಳ್ಳುವುದೂ ಅಷ್ಟೇ ತಪ್ಪು. ದೇಹವನ್ನು ದಂಡಿಸಿಯೇ ದೇವರನ್ನು ಕಾಣಬೇಕೆಂಬ ಮಾರ್ಗ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಮಳೆಗೆ ಹೆದರಿ ಕಣಕ್ಕಿಳಿಯದವನ ಪರವಾಗಿ ನಾನು ಮಾತನಾಡುತ್ತಿಲ್ಲ. ಆರು ತಿಂಗಳು ಚಳಿಯಲ್ಲಿ ಎದ್ದವನು, ಮಳೆಯಲ್ಲಿಯೇ ನೀರಿಗಿಳಿದವನು ಹೇಡಿಯಲ್ಲ. ಬ್ರೇಕು ಹಿಡಿಯಲಾರದ ಕೈಯಿಂದ ಅವನು ಮುಂದುವರಿದಿದ್ದರೆ ತಾನೊಬ್ಬನೇ ಬೀಳುತ್ತಿರಲಿಲ್ಲ. ಹಿಂದೆ ಬರುವ ನಾಲ್ಕು ಜನರನ್ನೂ ಕೆಡಹುತ್ತಿದ್ದನು.

ಇದನ್ನೆಲ್ಲ ಹುಡುಗನಿಗೆ ಹೇಳಿದೆನು. ಆದರೆ ಮಾತು ಮುಟ್ಟಬೇಕಾದದ್ದು ಅವನ ತಂದೆಗೆ. ಮರುದಿನ ಅವರ ಮನೆಗೆ ಹೋದಾಗ ಆತನು ಮಗ್ಗದ ಗುಂಡಿಯಲ್ಲಿ ಕುಳಿತಿದ್ದನು.

"ಏನಪಾ, ಎಳಿ ಹರದಾಗ ಏನ ಮಾಡ್ತಿ?" ಎಂದು ಕೇಳಿದೆನು.

"ಮಗ್ಗಾ ನಿಲ್ಲಸ್ತೀನ್ರಿ ಅಜ್ಜಾರ. ಎಳಿ ಕೂಡಿಸಿ ಮತ್ತ ನೇಯೂದು. ಹಂಗ ನೇಯ್ದ್ರ ಸೀರಿ ಕೆಡತೈತಲ್ರೀ."

"ನಿನ್ನ ಮಗ ಮಾಡಿದ್ದೂ ಅಷ್ಟ. ಸೀರಿ ಕೊಯ್ದಿಲ್ಲ, ಮಗ್ಗ ನಿಲ್ಲಿಸ್ಯಾನ."

ಆತನು ಉತ್ತರ ಕೊಡಲಿಲ್ಲ. ಲಾಳಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದನು. ಅನಂತರ ಒಳಗೆ ಮುಖ ಮಾಡಿ ಮಗನನ್ನು ಕರೆದು, ಮುಂದಿನ ಸ್ಪರ್ಧೆ ಯಾವ ತಿಂಗಳೆಂದು ವಿಚಾರಿಸಿದನು.