ನಿಮಗಿದು ಗೊತ್ತೆ? ನೋಡದ ಚಾನೆಲ್‌ಗೂ ದುಡ್ಡು!

ಜಾಹೀರಾತಿಲ್ಲದ ಸಿನಿಮಾ, ತಿಂಗಳಿಗಿಷ್ಟು ಚಂದಾ. ಈ ದಾರಿ ನೆಟ್‌ಫ್ಲಿಕ್ಸ್ ಕಂಡುಹಿಡಿದದ್ದಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರಿ ಊರಿನಲ್ಲಿ 1972ರ ನವೆಂಬರ್ 8ರಂದು ಕೇಬಲ್ ಟಿ.ವಿ.ಯ ಎಚ್‌ಬಿಒ ಚಾನೆಲ್ ಶುರುವಾದದ್ದೇ ಹೀಗೆ. ಆಗ ಚಂದಾದಾರರು ಬರೀ 365. ಮೊದಲ ರಾತ್ರಿ ತೋರಿಸಿದ್ದು ನ್ಯೂಯಾರ್ಕಿನ ಐಸ್ ಹಾಕಿ ಪಂದ್ಯ ಮತ್ತು ಒಂದು ಸಿನಿಮಾ.

ಆದರೆ ಕೇಬಲ್ ಉದ್ಯಮ ಕೊಬ್ಬಿದ್ದು ಪ್ಯಾಕೇಜ್ ಲೆಕ್ಕದಲ್ಲಿ. ಹತ್ತಾರು ಚಾನೆಲ್‌ಗಳನ್ನು ಒಟ್ಟಿಗೆ ಕಟ್ಟಿ ಮಾರಿದ್ದರಿಂದ, ಜನ ನೋಡಲಿ ಬಿಡಲಿ, ಪ್ರತಿ ಮನೆಯ ಬಿಲ್ಲಿನಿಂದ ಪ್ರತಿ ಚಾನೆಲ್‌ಗೂ ಪಾಲು ಹೋಗುತ್ತಿತ್ತು. ದೊಡ್ಡ ಪಾಲು ಕ್ರೀಡಾ ವಾಹಿನಿ ಇಎಸ್‌ಪಿಎನ್‌ನದು. ಆಟವೆಂದರೆ ಆಕಳಿಸುವ ಅಜ್ಜಿಯೂ ತಿಂಗಳು ತಿಂಗಳು ಅದಕ್ಕೆ ಕಾಸು ತೆರುತ್ತಿದ್ದಳು! ಅಂಥ ಅಜ್ಜಿಯೊಬ್ಬಳು ಕೇಬಲ್ ಬಿಟ್ಟರೆ ಅವಳು ಎಂದೂ ನೋಡದ ಚಾನೆಲ್‌ಗಳಿಗೂ ನಷ್ಟ. ಕೇಬಲ್ ಉದ್ಯಮದ ಕುಸಿತ ಇಷ್ಟು ಬಿರುಸಾಗಿರುವುದಕ್ಕೆ ಇದೂ ಒಂದು ಕಾರಣ.

2022ರ ಜುಲೈನಲ್ಲಿ ಅಮೆರಿಕನ್ನರ ಟಿ.ವಿ. ವೀಕ್ಷಣೆಯಲ್ಲಿ ನೆಟ್‌ಫ್ಲಿಕ್ಸ್‌ನಂಥ ಸ್ಟ್ರೀಮಿಂಗ್ ಮೊದಲ ಬಾರಿ ಕೇಬಲ್ಲನ್ನು ಹಿಂದಿಕ್ಕಿತು. ವೀಕ್ಷಣೆ ಅಳೆಯುವ ನೀಲ್ಸನ್ ಸಂಸ್ಥೆಯ ಲೆಕ್ಕ: ಸ್ಟ್ರೀಮಿಂಗ್ ಶೇ 34.8, ಕೇಬಲ್ ಶೇ 34.4. 2025ರ ಮೇ ಹೊತ್ತಿಗೆ ಕೇಬಲ್ ಮತ್ತು ಸಾಂಪ್ರದಾಯಿಕ ಪ್ರಸಾರ ಎರಡೂ ಸೇರಿದರೂ ಸ್ಟ್ರೀಮಿಂಗ್‌ಗೆ ಸಾಟಿಯಾಗಲಿಲ್ಲ. ನಡುವೆ, 2024ರ ಆಗಸ್ಟ್‌ನಲ್ಲಿ, ಎಚ್‌ಬಿಒದ ಒಡೆಯ ವಾರ್ನರ್ ಬ್ರದರ್ಸ್ ಡಿಸ್ಕವರಿ ತನ್ನ ಟಿ.ವಿ. ಚಾನೆಲ್‌ಗಳ ಮೌಲ್ಯವನ್ನು ಲೆಕ್ಕಪುಸ್ತಕದಲ್ಲಿ 910 ಕೋಟಿ ಡಾಲರ್‌ನಷ್ಟು ಇಳಿಸಿತು.

ಭಾರತದಲ್ಲಿ ಎಚ್‌ಬಿಒ ಚಾನೆಲ್ 2020ರ ಡಿಸೆಂಬರ್‌ನಲ್ಲೇ ನಿಂತುಹೋಯಿತು. ಪ್ಯಾಕೇಜಿನ ಕೃಪೆಯಲ್ಲೇ ಬೆಳೆದ ಇಎಸ್‌ಪಿಎನ್ ಕೂಡ 2025ರ ಆಗಸ್ಟ್‌ನಿಂದ ಅಮೆರಿಕದಲ್ಲಿ ಕೇಬಲ್ಲಿನ ಹಂಗಿಲ್ಲದೆ, ತಿಂಗಳಿಗೆ 29.99 ಡಾಲರ್‌ಗೆ ನೇರವಾಗಿ ಸಿಗತೊಡಗಿತು.