ಉಸಿರಿನ ಕಾಯಿಲೆಯವರ ಶ್ರಮವನ್ನು ಅಳೆಯುವುದು ಹೇಗೆ?



ಹಂಪಿ ಬಜಾರಿನ ರಥಬೀದಿಯಲ್ಲಿ, ವಿರೂಪಾಕ್ಷ ದೇವಾಲಯದಿಂದ ಎದುರು ಬಸವಣ್ಣನವರೆಗೆ, ನಾವು ಮಾತನಾಡುತ್ತಲೇ ನಡೆಯುತ್ತೇವೆ. ಪಕ್ಕದ ಮತಂಗ ಬೆಟ್ಟದ ಮೆಟ್ಟಿಲು ಹತ್ತುವಾಗ ಮಾತು ತಾನಾಗಿ ನಿಲ್ಲುತ್ತದೆ. ಬಹುಕಾಲದ ಶ್ವಾಸಕೋಶದ ಕಾಯಿಲೆ ಇರುವವರಿಗೆ ಆ ಸಮತಟ್ಟು ಬೀದಿಯೇ ಬೆಟ್ಟವಾಗಬಹುದು.

ಶ್ರಮವನ್ನು ಅಳೆಯಲು 'ಮೆಟ್' ಎಂಬ ಮಾನವಿದೆ. ಸುಮ್ಮನೆ ಕುಳಿತಾಗ ದೇಹ ಬಳಸುವ ಆಮ್ಲಜನಕ, ಅಂದರೆ ಒಂದು ಕಿಲೋ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್, ಒಂದು ಮೆಟ್. 3ಕ್ಕಿಂತ ಕಡಿಮೆಯಾದರೆ ಹಗುರ, 3ರಿಂದ 6 ಮಧ್ಯಮ, ಅದಕ್ಕೆ ಮೇಲ್ಪಟ್ಟರೆ ಕಠಿಣ. ಆದರೆ ಎಲ್ಲರಿಗೂ ಈ ಲೆಕ್ಕ ಹೊಂದದು. ಗರಿಷ್ಠ ಶಕ್ತಿ 10 ಮೆಟ್ ಇರುವವರಿಗೆ 3 ಮೆಟ್ ಕೆಲಸ ಶೇಕಡಾ 30 ಮಾತ್ರ. ಶಕ್ತಿಯೇ 4 ಮೆಟ್‌ಗೆ ಇಳಿದಿರುವ ರೋಗಿಗೆ ಅದೇ ಕೆಲಸ ಶೇಕಡಾ 75. ಕೈಗೆ ಕಟ್ಟುವ ಹೆಜ್ಜೆ ಎಣಿಸುವ ಯಂತ್ರಕ್ಕೆ ಈ ಭೇದ ತಿಳಿಯದು.

ಆದ್ದರಿಂದಲೇ ಆಸ್ಪತ್ರೆಗಳಲ್ಲಿ ರೋಗಿಯನ್ನು 30 ಮೀಟರ್ ಹಾದಿಯಲ್ಲಿ 6 ನಿಮಿಷ ನಡೆಸಿ ದೂರ ಅಳೆಯುತ್ತಾರೆ. ಏದುಸಿರು ಎಷ್ಟೆಂದು 0ಯಿಂದ 10ರವರೆಗಿನ ಬೋರ್ಗ್ ಮಾಪನದಲ್ಲಿ ಅವರಿಂದಲೇ ಹೇಳಿಸುತ್ತಾರೆ.

ತೋಟದಲ್ಲಿ ನಮಗೆ ಮಾತೇ ಮಾಪನ. ಕೆಲಸ ಮಾಡುತ್ತಾ ಪೂರ್ತಿ ವಾಕ್ಯ ಆಡಬಲ್ಲವರು ಮುಂದುವರಿಸಬಹುದು. ಎರಡು ಮೂರು ಪದಕ್ಕೇ ಉಸಿರು ಕಟ್ಟಿದರೆ ಕೂರಬೇಕು. ಕೂತರೂ ಸುಧಾರಿಸದಿದ್ದರೆ ವೈದ್ಯರಲ್ಲಿಗೆ ಒಯ್ಯಬೇಕು. ಹಾಗೆಂದು ಪೂರಾ ಮಲಗಿಸುವುದೂ ತಪ್ಪು. ಸ್ನಾಯು ಸೊರಗಿ ಏದುಸಿರು ಹೆಚ್ಚುತ್ತದೆ.

ಅಡಿಕೆ ಮೂಟೆ ಇಳಿಸಿ ಕುಳಿತ ಹಿರಿಯರನ್ನು ಸೋಮಾರಿ ಎನ್ನುವ ಮೊದಲು ಒಮ್ಮೆ ಮಾತನಾಡಿಸಿ ನೋಡೋಣ.